ಡಬ್ಬಿಗೆ ಸೇರದ ಅತ್ತೆಯ ಹಾಡು

ಕಡೂರಿನಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರು ನಾನು. ಒಂದು ಹಾಡು ಕೇಳಿಸುವುದು ನನಗೆ ಯಾವ ಮಹಾ ಕೆಲಸ!

ನಾದಿನಿ ರೇಖಾಳ ಮದುವೆ ಅಜ್ಜಂಪುರದಲ್ಲಿ. ಅತ್ತೆ ತೀರಿಕೊಂಡು ಆಗಲೇ ವರ್ಷ ತುಂಬಿತ್ತು. ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಸೋಬಾನೆ ಹಾಡುತ್ತಿದ್ದವರು ಅವರೇ. ಒಮ್ಮೆ ಅವರೆಕಾಯಿ ಸುಲಿಯುತ್ತಾ ಹಾಡಿದ್ದನ್ನು ನಾನು ಫೋನಿನಲ್ಲಿ ಹಿಡಿದಿದ್ದೆ. ಫೋನು ಕೆಟ್ಟುಹೋಯಿತು, ಹಾಡು ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು.

"ಭಾವ, ನಂಗೆ ಅರಿಶಿನ ಹಚ್ಚೋವಾಗ ಅಮ್ಮನ ಹಾಡು ಕೇಳ್ಬೇಕು. ಇನ್ನೇನೂ ಬೇಡ" ಎಂದಳು ರೇಖಾ.

"ಪೆನ್‌ಡ್ರೈವ್‌ಗೆ ಹಾಕ್ಕೊಡ್ರೀ, ಸಾಕು" ಎಂದಳು ನನ್ನ ಹೆಂಡತಿ ಸರೋಜ.

ಪೆನ್‌ಡ್ರೈವ್! ಕಂಪ್ಯೂಟರ್ ವಿದ್ಯೆಗೆ ಇದಕ್ಕಿಂತ ಅಪಮಾನ ಉಂಟೇ! ಅತ್ತೆಯ ಫೋಟೊ, ಒತ್ತಿದರೆ ಹಾಡುವ ಗುಂಡಿ, ಎರಡೂ ಇರುವ ಪುಟವೊಂದನ್ನು ತಯಾರಿಸಿದೆ. ಅದನ್ನು ಕಂಟೇನರ್ ಇಮೇಜ್ ಎಂಬ ಡಬ್ಬಿಯಲ್ಲಿ ತುಂಬಿದರೆ ಯಾವ ಕಂಪ್ಯೂಟರಿನಲ್ಲಾದರೂ ನಡೆಯುತ್ತದೆ. ಡಬ್ಬಿಗೆ ಏನೇನು ಸೇರಬಾರದೆಂದು ಮಾತ್ರ ಮೊದಲೇ ಒಂದು ಪಟ್ಟಿ ಬರೆದಿಡಬೇಕು.

ಹಾಡನ್ನು ಇಟ್ಟಿದ್ದ ಫೋಲ್ಡರಿನಲ್ಲಿ ಕುಕ್ಕರ್ ಕೂಗಿದ್ದು, ಅತ್ತೆ ಕೆಮ್ಮಿದ್ದು ಹೀಗೆ ಬೇರೆ ರೆಕಾರ್ಡಿಂಗುಗಳೂ ಇದ್ದವು. 'ಆಡಿಯೊ ಯಾವುದೂ ಬೇಡ' ಎಂದು ಒಂದು ಸಾಲು, 'ಅತ್ತೆಯ ಹೆಸರಿನ ಹಾಡು ಮಾತ್ರ ಇರಲಿ' ಎಂದು ಇನ್ನೊಂದು. ಯಾವುದು ಮೊದಲು? ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರನ್ನು ಕೆಳಗೆ ಹಾಕಿಸಿ ನೆಂಟಸ್ತನ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಅತ್ತೆಯನ್ನು ಮೇಲಿಟ್ಟೆ.

ಡಬ್ಬಿ ಸಿದ್ಧವಾದ ಮೇಲೆ ಫೋಲ್ಡರು ಯಾಕೆ? ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಶಿಸ್ತಿನ ಮನುಷ್ಯ!

"ಒಂದ್ಸಲ ಹಾಕಿ ನೋಡಿದ್ರಾ?" ಎಂದಳು ಸರೋಜ.

"ಪುಟ ಬಂತು ಕಣೇ, ಫೋಟೊನೂ ಬಂತು."

ಗುಂಡಿ ಮಾತ್ರ ಒತ್ತಿರಲಿಲ್ಲ. ಅತ್ತೆಯ ದನಿ ಕೇಳಿದರೆ ಅಳು ಬರುತ್ತದೆಂದು ಹೆದರಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ತರೀಕೆರೆಯಿಂದ ಆಳೆತ್ತರದ ಎರಡು ಸ್ಪೀಕರ್ ತರಿಸಿದೆ. ಅರಿಶಿನದ ದಿನ ರೇಖಾ ಹಸೆಯ ಮೇಲೆ ಕೂತಳು. ಪರದೆಯ ತುಂಬ ಅತ್ತೆಯ ನಗು. ನೆಂಟರೆಲ್ಲ ಮಾತು ನಿಲ್ಲಿಸಿದರು. ಗುಂಡಿ ಒತ್ತಿದೆ. ಸ್ಪೀಕರ್ ಗುಂಯ್ ಎಂದಿತು, ಅಷ್ಟೇ!

"ಏನಾಯ್ತು ಭಾವ?"

"ಒಂದ್ನಿಮಿಷ ಕಣಮ್ಮ."

ಡಬ್ಬಿ ಬಿಚ್ಚಿ ಹುಡುಕಿದೆ. ಹಾಡಿಲ್ಲ. ಆ ಪಟ್ಟಿಯಲ್ಲಿ ಕೊನೆಗೆ ಬಂದ ಸಾಲಿನ ಮಾತೇ ನಡೆಯುವುದಂತೆ! ಮೇಲಿನ ಸಾಲು ಅತ್ತೆಯನ್ನು ಇರಲಿ ಎಂದಿತ್ತು. ಕೆಳಗಿನ ಸಾಲು ಕುಕ್ಕರ್, ಕೆಮ್ಮುಗಳ ಜೊತೆ ಅವರನ್ನೂ ಹೊರಗೆ ಹಾಕಿತ್ತು.

"ಹೋಗ್ಲಿ, ಮನೇಲಿ ಐತಲ್ಲ?" ಎಂದಳು ಸರೋಜ.

"ಅಳಿಸ್ಬಿಟ್ಟೆ ಕಣೇ."

ಸರೋಜ ಅರಿಶಿನದ ಬಟ್ಟಲು ಹಿಡಿದು ತಾನೇ ಹಾಡತೊಡಗಿದಳು. ಎರಡನೆಯ ನುಡಿಗೆ ತಡವರಿಸಿದಳು.

"ಆಮೇಲೇನಕ್ಕ?" ಎಂದಳು ರೇಖಾ.

ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಕ್ಕತಂಗಿಯರು ಮೊದಲ ನುಡಿಯನ್ನೇ ಮತ್ತೆ ಮತ್ತೆ ಹಾಡಿದರು, ಅಳುತ್ತಾ. ನಾನು ಸ್ಪೀಕರಿನ ಹಿಂದೆ ನಿಂತು ವೈರು ಸರಿಮಾಡುವವನಂತೆ ಕಣ್ಣೊರೆಸಿಕೊಂಡೆ.

ಡಬ್ಬಿ ಈಗಲೂ ನನ್ನ ಬಳಿ ಇದೆ. ಹಾಡು ಹೋದರೂ ಅದರೊಳಗೆ ಆ ಪಟ್ಟಿ ಭದ್ರವಾಗಿ ಉಳಿದಿದೆ. ಅತ್ತೆಯ ಹೆಸರು ಮೊದಲ ಸಾಲಿನಲ್ಲೇ ಇದೆ. ಮರ್ಯಾದೆಗೆ ಮಾತ್ರ ನಾನೇನೂ ಕಡಿಮೆ ಮಾಡಿಲ್ಲ!