ತಾನೇ ಬಟನ್ ಒತ್ತುವ ಪ್ರೋಗ್ರಾಂ ಮತ್ತು ನೂರಾ ಎಂಬತ್ತಾರು ಮಕ್ಕಳು

ಕೈಗೆ ಕೆಲಸ ಕಡಿಮೆಯಾಗಲಿ ಅಂತ ನಾನು ಏನೇ ಮಾಡಿದರೂ ಕಾಲಿಗೆ ಓಡಾಟ ಹೆಚ್ಚಾಗುತ್ತದೆ. ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕ್ಲಾರ್ಕ್. ನೂರಾ ಎಂಬತ್ತಾರು ಮಕ್ಕಳ ವಿವರವನ್ನು ಶುಕ್ರವಾರ ಸಂಜೆ ಐದರೊಳಗೆ ಶಿಕ್ಷಣ ಇಲಾಖೆಯ ಪೋರ್ಟಲ್ಲಿಗೆ ತುಂಬಬೇಕಿತ್ತು. ತಪ್ಪಿದರೆ ಹತ್ತನೇ ತರಗತಿಯವರಿಗೆ ಹಾಲ್ ಟಿಕೆಟ್ ಇಲ್ಲ. ಹಾಗಾಗಿ ವಿಡಿಯೋ ನೋಡಿ ಕಲಿತು ಒಂದು ಪ್ರೋಗ್ರಾಂ ಬರೆದೆ. ಅದು ಬ್ರೌಸರನ್ನು ತಾನೇ ತೆರೆದು, ಹೆಸರು ತುಂಬಿ, ಬಟನ್ ಒತ್ತಿ, ಮುಂದಿನ ಮಗುವಿನ ಕಡೆ ಹೋಗುತ್ತಿತ್ತು.

೧. ಸುಮ್ಮನೆ ಕೂತದ್ದು

ಬುಧವಾರ ಪ್ರೋಗ್ರಾಂ ಚಾಲೂ ಮಾಡಿದೆ. ಪರದೆಯ ಮೇಲೆ ಅಕ್ಷರಗಳು ತಾವೇ ಮೂಡುತ್ತಿದ್ದವು. ನನಗೆ ಕೈ ಎಲ್ಲಿಡಬೇಕೋ ತಿಳಿಯದು. ಎದ್ದೆ, ಕೂತೆ, ಎರಡು ಸಲ ನೀರು ಕುಡಿದೆ. ಹೆಡ್‌ಮೇಡಂ ಬಾಗಿಲಲ್ಲಿ ನಿಂತು, ಇಷ್ಟು ಕೆಲಸ ಬಾಕಿ ಇದ್ದಾಗ ಹೀಗೆ ಸುಮ್ಮನೆ ಕೂತರೆ ಹೇಗೆ ಅಂದರು. ಕಂಪ್ಯೂಟರ್ ಮಾಡುತ್ತಿದೆ ಅಂದರೆ ನಂಬಲಿಲ್ಲ. ಲೈಬ್ರರಿ ಪುಸ್ತಕಗಳಿಗೆ ನಂಬರ್ ಹಚ್ಚು ಅಂದಾರೆಂಬ ಭಯಕ್ಕೆ ಕೀಬೋರ್ಡಿನ ಮೇಲೆ ಬೆರಳು ಆಡಿಸುತ್ತ ಟೈಪ್ ಮಾಡಿದಂತೆ ನಟಿಸಿದೆ. ಮೇಡಂ ಸಮಾಧಾನದಿಂದ ಹೋದರು.

ಆಮೇಲೆ ನೋಡಿದರೆ ಮೂವತ್ತು ಮಕ್ಕಳ ತಂದೆಯ ಹೆಸರಿನ ಮುಂದೆ 'ಕಕಕಸಸ' ಅಂತ ಸೇರಿತ್ತು. ಆ ದಿನ ನಾನು ಕೈಯಾರೆ ಮಾಡಿದ ಕೆಲಸ ಅದೊಂದೇ. ಅಳಿಸಲು ಅರ್ಧ ದಿನ ಹಿಡಿಯಿತು.

೨. ಬಸ್ಸಿನ ಚಿತ್ರ

ಗುರುವಾರ ಪೋರ್ಟಲ್ಲಿಗೇ ಅನುಮಾನ ಬಂತು. ನಡುನಡುವೆ ಒಂಬತ್ತು ಚಿತ್ರ ತೋರಿಸಿ, ನೀವು ಮನುಷ್ಯರಾಗಿದ್ದರೆ ಬಸ್ಸುಗಳನ್ನು ಆರಿಸಿ ಅನ್ನತೊಡಗಿತು. ಅದು ಪ್ರೋಗ್ರಾಂನಿಂದ ಆಗದ ಕೆಲಸ. ನಿವೃತ್ತಿ ಹತ್ತಿರ ಬಂದಿದ್ದ ನಮ್ಮ ಜವಾನ ಕಾಕಾನನ್ನು ಕುರ್ಚಿಯಲ್ಲಿ ಕೂರಿಸಿ, ಬಸ್ ಕಂಡಲ್ಲೆಲ್ಲ ಒತ್ತಲು ಹೇಳಿ ಹಾಜರಿ ಪುಸ್ತಕ ತರಲು ಹೋದೆ. ಮರಳಿ ಬರುವಷ್ಟರಲ್ಲಿ ಪೋರ್ಟಲ್ ನಾಲ್ಕು ಸಲ ಕಾಕಾನನ್ನು ಮನುಷ್ಯನೇ ಅಲ್ಲ ಅಂದಿತ್ತು. ಪ್ರತಿ ಸಲವೂ ಕಾಕಾ ಒಂದು ಬಸ್ಸನ್ನು ಒತ್ತದೇ ಬಿಡುತ್ತಿದ್ದ. ಯಾಕೆ ಅಂತ ಕೇಳಿದೆ.

"ಅದು ಎಕ್ಸ್‌ಪ್ರೆಸ್ ಐತ್ರಿ ಅಕ್ಕಾರ. ನಮ್ಮೂರಾಗ ನಿಂದ್ರಂಗಿಲ್ಲ."

೩. ಊರು ಬಿಟ್ಟ ಶಾಲೆ

ಶುಕ್ರವಾರ ಮುಂಜಾನೆ ಎಲ್ಲ ಸರಿ ಇದೆಯೇ ಅಂತ ಕೊನೆಯ ಸಲ ಪ್ರೋಗ್ರಾಂ ಓಡಿಸಿ ಚಹಾಕ್ಕೆ ಹೋದೆ. ಅಂದು ಬಸ್ಸಿನ ಚಿತ್ರ ಬರಲಿಲ್ಲ, ಬದಲಿಗೆ ಪೋರ್ಟಲ್ಲಿನ ಬಟನ್ನುಗಳು ಜಾಗ ಬದಲಿಸಿದ್ದವು. 'ಉಳಿಸಿ' ಇದ್ದಲ್ಲಿ 'ವರ್ಗಾಯಿಸಿ' ಬಂದಿತ್ತು. ನಾನು ಪ್ರೋಗ್ರಾಂಗೆ ಕಲಿಸಿದ್ದು ಬಟನ್ನಿನ ಜಾಗ ಮಾತ್ರ, ಓದಲು ಕಲಿಸಿರಲಿಲ್ಲ. ಚಹಾ ಕುಡಿದು ಬಂದಾಗ ನೂರಾ ಎಂಬತ್ತಾರೂ ಮಕ್ಕಳು ಪಟ್ಟಿಯಲ್ಲಿ ಮೊದಲಿದ್ದ, ಕಲಘಟಗಿ ಕಡೆಯ ಯಾವುದೋ ಶಾಲೆಗೆ ಹೋಗಿದ್ದರು. ಕಿಟಕಿಯಾಚೆ ಅವರೇ ಕಬಡ್ಡಿ ಆಡುತ್ತಿದ್ದರು. ಪರದೆಯ ಮೇಲೆ ನಮ್ಮ ಶಾಲೆಯಲ್ಲಿ ಸೊನ್ನೆ.

ಹೆಡ್‌ಮೇಡಂ ಕುರ್ಚಿ ಹಿಡಿದು ಕೂತರು. ಆ ಶಾಲೆಯ ಹೆಡ್‌ಮಾಸ್ತರರು ಒಂದೊಂದೇ ಹೆಸರು ವಾಪಸ್ ಕಳಿಸಿದರೆ ಮಾತ್ರ ಮಕ್ಕಳು ಮತ್ತೆ ನಮ್ಮವರು. ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಮಧ್ಯಾಹ್ನವೆಲ್ಲ ಕೂತು ಒತ್ತಿದರು. ನಾನು ವರಾಂಡದಲ್ಲಿ ಅತ್ತಿಂದಿತ್ತ ತಿರುಗುವುದು, ಒಳಗೆ ಓಡಿ ಬಂದು ಎಷ್ಟು ಮಂದಿ ಬಂದರೆಂದು ನೋಡುವುದು. ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಹುಡುಗಿ ಬಂದಳು.

ಉಪಕಾರವಾಯಿತು ಅಂತ ಹೇಳಲು ಫೋನ್ ಮಾಡಿದರೆ ಮಾಸ್ತರರ ದನಿ ಸಪ್ಪಗಿತ್ತು. ತಮ್ಮಲ್ಲಿ ಇರುವುದೇ ಹತ್ತೊಂಬತ್ತು ಮಕ್ಕಳು, ಶಾಲೆ ಮುಚ್ಚುವ ಮಾತು ನಡೆದಿದೆ ಅಂದರು. ಆಮೇಲೆ ಕೇಳಿದರು:

"ಮಂಗಳವಾರ ಸಾಹೇಬ್ರು ಪೋರ್ಟಲ್‌ನ್ಯಾಗ ನಮ್ಮ ಶಾಲಿ ಸಂಖ್ಯೆ ನೋಡಾವ್ರದಾರ್ರಿ ಅಕ್ಕಾರ. ಅವತ್ತ ಮುಂಜಾನೆ ಹತ್ತಕ್ಕ ಇದ ತಪ್ಪು ಇನ್ನೊಮ್ಮೆ ಮಾಡ್ತೀರೇನ್ರಿ?"