ಒಬ್ಬ ಅಪರಿಚಿತರು ಬೇಕಾಗಿದ್ದಾರೆ

ಮೇಡಮ್ಮು ಆ ಒಂದು ಸಾಲನ್ನು ಹಲಗೆಯ ಮೇಲೆ ಬರೆಯದೆ ಇದ್ದಿದ್ದರೆ ಅನೌನ್ಸರರ ಭಾನುವಾರ ಎಂದಿನಂತೆ ಬಟ್ಟೆ ಒಗೆದು, ಒಂದು ನಿದ್ದೆ ತೆಗೆದು, ಒಣಗಿದ ಬಟ್ಟೆ ಮಡಿಸಿಟ್ಟು, ಯಾರಿಗೂ ತೊಂದರೆಯಿಲ್ಲದೆ ಮುಗಿದುಹೋಗುತ್ತಿತ್ತು. ಸಾಲೇನೂ ಉದ್ದವಿರಲಿಲ್ಲ: ‘ಸೋಮವಾರಕ್ಕೆ ಒಬ್ಬ ಅಪರಿಚಿತರ ಮುಖಚಿತ್ರ. ಕಣ್ಣಾರೆ ನೋಡಿಯೇ ಬರೆಯಬೇಕು. ಅವರ ಹೆಸರು ನಿಮಗೆ ಗೊತ್ತಿರಕೂಡದು.’

“ಹೆಸರು ಗೊತ್ತಿದ್ರೆ ಏನಾಗುತ್ತೆ ಮೇಡಮ್?” ಎಂದು ಗುಂಗುರು ಕೂದಲಿನ ಹುಡುಗಿ ಕೇಳಿದ್ದಳು.

“ಹೆಸರು ಗೊತ್ತಾಯ್ತೋ, ಮುಖ ನೋಡೋದು ಬಿಟ್ಟೇಬಿಡ್ತೀರಿ. ಮೂಗು ಬರೆಯೋ ಬದಲು ಅವರ ಕತೆ ಬರೀತೀರಿ. ನನಗೆ ಮೂಗು ಬೇಕು.”

ಅನೌನ್ಸರರಿಗೆ ಐವತ್ತೆರಡು. ತರಗತಿಯ ಉಳಿದವರಿಗೆಲ್ಲ ಹದಿನೆಂಟೋ ಹತ್ತೊಂಬತ್ತೋ. ವಿಶ್ವವಿದ್ಯಾಲಯಕ್ಕೆ ಹೋಗುವ ಮುಂಚೆ ಒಂದು ವರ್ಷ ಕೈ ಪಳಗಿಸುವ ಆ ತರಗತಿಗೆ ಕಲೆ ಮತ್ತು ವಿನ್ಯಾಸದ ಫೌಂಡೇಶನ್ ವರ್ಷ ಎಂದು ಹೆಸರು. “ಈ ವಯಸ್ಸಿಗೆ ಅಡಿಪಾಯ ಹಾಕ್ತಾ ಇದ್ದೀರಲ್ಲಾ, ಚಾವಣಿ ಹಾಕೋದು ಯಾವಾಗ?” ಎಂದು ಮೇಲಿನ ಮನೆಯ ನರ್ಸಮ್ಮ ಕೇಳಿದ್ದಳು. ಅನೌನ್ಸರರಿಗೆ ಉತ್ತರ ಹೊಳೆದದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ನರ್ಸಮ್ಮ ಆ ಪ್ರಶ್ನೆಯನ್ನೇ ಮರೆತಿದ್ದಳು.

ಮೂವತ್ತು ವರ್ಷ ಅವರು ರೈಲು ನಿಲ್ದಾಣದ ಕಿಟಕಿಯಿಲ್ಲದ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಷ್ಟು ತಡವಾಗಿ ಬರುತ್ತದೆಂದು ಸಾರಿದವರು. ಊರಿಗೆಲ್ಲ ಅವರ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಅವರಿಗೂ ಊರಿನವರ ದನಿ ಗೊತ್ತು, ಮುಖ ಗೊತ್ತಿಲ್ಲ. ಗೋಡೆಯಾಚೆಯ ಗದ್ದಲ ಕೇಳುತ್ತ, ಆ ದನಿಗಳಿಗೆಲ್ಲ ಎಂಥ ಮುಖ ಇದ್ದೀತೆಂದು ಹಳೆಯ ವೇಳಾಪಟ್ಟಿಗಳ ಬೆನ್ನಿಗೆ ಚಿತ್ರ ಬರೆದುಕೊಳ್ಳುತ್ತಿದ್ದರು. ಒಂದು ದಿನ ಅವರ ಜಾಗಕ್ಕೆ ಯಂತ್ರ ಬಂತು. ಯಂತ್ರಕ್ಕೆ ನೆಗಡಿಯಾಗುವುದಿಲ್ಲ ಎಂದು ಮೇಲಧಿಕಾರಿ ಸಮಾಧಾನ ಹೇಳಿದರು. ಅನೌನ್ಸರರು ಪೆಟ್ಟಿಗೆ ತುಂಬ ವೇಳಾಪಟ್ಟಿ ಹೊತ್ತು ಮನೆಗೆ ಬಂದರು. ಮದುವೆಯಾಗಿರಲಿಲ್ಲವಾದ್ದರಿಂದ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳುವವರೂ ಇರಲಿಲ್ಲ. ಮೂವತ್ತು ವರ್ಷ ಮುಖ ನೋಡದೆ ಮಾತಾಡಿದ್ದಾಯಿತು, ಇನ್ನು ಮೇಲಾದರೂ ಮುಖ ನೋಡೋಣ ಎಂದು ಕಾಲೇಜು ಸೇರಿದರು.

ಸೇರಿದ ಮೊದಲ ದಿನವೇ ಕಟ್ಟಡ ತಪ್ಪಿ, ಪಕ್ಕದ ದಂತವೈದ್ಯರ ಕಾಲೇಜಿನಲ್ಲಿ ಒಂದು ಗಂಟೆ ಬಾಯಿ ತೆರೆದು ಕೂತು ಬಂದರು. ಅಷ್ಟರಲ್ಲಿ ಇಲ್ಲಿ ಪರಸ್ಪರ ಪರಿಚಯದ ಕಾರ್ಯಕ್ರಮ ಮುಗಿದಿತ್ತು. ಹಾಜರಿ ತೆಗೆದುಕೊಳ್ಳುವುದು ಬಾಗಿಲ ಬಳಿಯ ಯಂತ್ರ. ಅದು ಯಾರ ಹೆಸರನ್ನೂ ಕೂಗುವುದಿಲ್ಲ, ಕುಂಯ್ ಎನ್ನುತ್ತದೆ. ಹೀಗಾಗಿ ಅರ್ಧ ವರ್ಷ ಅವರು ತರಗತಿಯ ಮೂಲೆಯಲ್ಲಿ ಕುಂಯ್ ಎನಿಸಿಕೊಂಡು ಬಂದು, ಕೂತು, ಎದ್ದು ಹೋಗಿದ್ದರು.

ಅವರ ಎರಡು ಚಿತ್ರಗಳನ್ನು ಮೇಡಮ್ಮು ಆಗಲೇ ವಾಪಸ್ಸು ಮಾಡಿದ್ದರು. ಮೂರನೆಯದೂ ಹೋದರೆ ಫೋಲ್ಡರಿನಲ್ಲಿ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಫೋಲ್ಡರಿಲ್ಲದವನನ್ನು ಯಾವ ವಿಶ್ವವಿದ್ಯಾಲಯದವರೂ ಸಂದರ್ಶನಕ್ಕೆ ಕರೆಯುವುದಿಲ್ಲ.

ಅದಕ್ಕೇ ಭಾನುವಾರ ಬೆಳಿಗ್ಗೆ ಪೆನ್ಸಿಲುಗಳನ್ನು ಸೂಜಿಯಂತೆ ಹೆರೆದು, ತಮಗಿಂತ ಅಗಲವಾದ ಚಿತ್ರದ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದರು. ನರ್ಸಮ್ಮ ಮೇಲಿಂದ ಬಗ್ಗಿದಳು.

“ಬಾಗಿಲು ಕಿತ್ಕೊಂಡು ಎಲ್ಲಿಗೆ ಹೊರಟ್ರಿ?”

ಅನೌನ್ಸರರು ವಿಷಯ ಹೇಳಿದರು. ಅದೇ ಅವರು ಮಾಡಿದ ಮೊದಲ ತಪ್ಪು. ಪರರ ಕಷ್ಟವೆಂದರೆ ನರ್ಸಮ್ಮನಿಗೆ ಹಬೆಯಾಡುವ ಊಟವಿದ್ದಂತೆ.

“ಅಷ್ಟೇ ತಾನೆ? ನನ್ನ ಭಾವಮೈದ ಬಂದಿದಾನೆ, ನಿಮಗೆ ಪರಿಚಯಾನೇ ಇಲ್ಲ. ಕೂರಿಸಿದ್ರೆ ಕಂಬದ ಹಾಗೆ ಕೂತಿರ್ತಾನೆ. ಹೆಸರು ನಾನು ಹೇಳೋದೇ ಇಲ್ಲ, ನೋಡ್ತಿರಿ!” ಎಂದವಳೇ ಒಳಗೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಭಾವಮೈದನನ್ನು ಹೆಸರು ಹಿಡಿದೇ ಕೂಗಿದಳು.

ಭಾವಮೈದ ಬಂದು ನಿಂತ. ಗಲ್ಲ, ಹುಬ್ಬು, ಮೂಗು, ಎಲ್ಲವೂ ಕಡೆದಿಟ್ಟ ಹಾಗಿದ್ದವು. ಅನೌನ್ಸರರು ನಿಟ್ಟುಸಿರಿಟ್ಟು ಬೀದಿಗಿಳಿದರು.

ತಿರುವಿನಲ್ಲಿ ಕ್ಷೌರದಂಗಡಿ. ಒಳಗೆ ಒಬ್ಬ ದಪ್ಪನೆಯ ಮನುಷ್ಯ ಕೆನ್ನೆಗೆಲ್ಲ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಕೇಳದೆ ಬರೆಯುವುದೆಂದರೆ ಅನೌನ್ಸರರಿಗೆ ಪರರ ಜೇಬಿಗೆ ಕೈ ಹಾಕಿದಂತೆ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ದಯವಿಟ್ಟು ಗಮನಿಸಿ. ತಮ್ಮ ಅಭ್ಯಂತರ ಇಲ್ಲದಿದ್ದರೆ...”

ದಪ್ಪನೆಯವನು ಕುರ್ಚಿಯಿಂದ ಚೇಳು ಕಡಿದವನಂತೆ ಎದ್ದ. ನೊರೆ ಕನ್ನಡಿಗೆ ಹಾರಿತು.

“ಆ ದನಿ! ಸ್ಟೇಷನ್ನಿನ ದನಿ! ನೀವೇ ಅಲ್ವೇನ್ರೀ? ನನ್ನ ಮದುವೆ ದಿನ, ಎಲ್ಲೋ ದಾರೀಲಿ ನಿಂತ ಗಾಡಿನ ‘ಇನ್ನೇನು ಬರಲಿದೆ, ಇನ್ನೇನು ಬರಲಿದೆ’ ಅಂತ ಆರು ಗಂಟೆ ಹೊತ್ತು ಹೇಳಿದೋರು? ನಾನು ಹೋಗೋ ಹೊತ್ತಿಗೆ ಬಂದೋರೆಲ್ಲ ಉಂಡು ಕೈ ತೊಳೆದಿದ್ರು! ಹೆಂಡ್ತಿ ಇವತ್ತಿಗೂ ನನ್ನ ಜತೆ ಆ ವಿಷಯಕ್ಕೆ ಜಗಳ ಆಡ್ತಾಳೆ!”

“ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ,” ಎಂದುಬಿಟ್ಟರು ಅನೌನ್ಸರರು. ಮೂವತ್ತು ವರ್ಷದ ಅಭ್ಯಾಸ, ನಾಲಗೆ ತಾನೇ ಹೊರಳಿತು.

ಅಂಗಡಿ ನಗುವಿನಿಂದ ಅದುರಿತು. ಅತ್ತಿತ್ತಲಿನವರೆಲ್ಲ ಓಡಿಬಂದರು. ಒಬ್ಬನಿಗೆ ಇವರ ದೆಸೆಯಿಂದ ನೌಕರಿಯ ಸಂದರ್ಶನ ತಪ್ಪಿತ್ತಂತೆ, ಇನ್ನೊಬ್ಬನ ಮಾವ ತಪ್ಪು ಪ್ಲಾಟ್‌ಫಾರ್ಮಿಗೆ ಹೋಗಿ ತಪ್ಪು ಊರಿನಲ್ಲಿ ಇಳಿದು ಅಲ್ಲೇ ಅಂಗಡಿ ಇಟ್ಟುಬಿಟ್ಟನಂತೆ. ಬೈದದ್ದೆಲ್ಲ ಮುಗಿದ ಮೇಲೆ, “ಒಂದ್ಸಲ ಅನೌನ್ಸ್ ಮಾಡಿ ಸಾರ್!” ಎಂದು ದುಂಬಾಲು ಬಿದ್ದರು. ಅನೌನ್ಸರರು ಮಾಡಿದರು. ಚಪ್ಪಾಳೆ ಬಿತ್ತು. ಎಲ್ಲರೂ ಕೈ ಕುಲುಕಿ, “ನಾನು ಇಂಥವನು”, “ನಾನು ಇಂಥವನ ತಮ್ಮ” ಎಂದು ಹೆಸರು ಹೇಳಿಕೊಂಡರು. ಒಂದೇ ಏಟಿಗೆ ಇಡೀ ಓಣಿಯ ಮುಖಗಳು ಕೈಬಿಟ್ಟುಹೋದವು. ಅನೌನ್ಸರರ ಹೆಸರನ್ನು ಮಾತ್ರ ಯಾರೂ ಕೇಳಲಿಲ್ಲ. ಕನ್ನಡಿ ಒರೆಸಿ ಮುಗಿಸಿದ ಕ್ಷೌರಿಕ, “ಬರ್ತಾ ಇರಿ ಸ್ಟೇಷನ್ ಸಾರ್,” ಎಂದ.

ಈ ಬಾಯಿಯೇ ಶತ್ರು ಎಂದುಕೊಂಡರು ಅನೌನ್ಸರರು. ಪಾರ್ಕಿಗೆ ಹೋಗುವಾಗ ತುಟಿ ಬಿಗಿದುಕೊಂಡೇ ಹೋದರು.

ಅಲ್ಲಿ ಬೆಂಚಿನ ಮೇಲೆ ನೀಳ ಮುಖದ ಒಬ್ಬ ಹೆಂಗಸು ಒಬ್ಬಳೇ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ಅನೌನ್ಸರರು ಎದುರು ನಿಂತು ಅವಳ ಮುಖ ತೋರಿಸಿ, ಗಾಳಿಯಲ್ಲಿ ಒಂದು ದುಂಡು ಬರೆದು, ಹಲಗೆ ತಟ್ಟಿ, ಕೈ ಮುಗಿದರು. ಅವಳು ಮೊದಲು ಕೆನ್ನೆ ಒರೆಸಿಕೊಂಡಳು. ಇವರು ತಲೆಯಲ್ಲಾಡಿಸಿದರು. ಮೂಗು ಒರೆಸಿಕೊಂಡಳು. ಇವರು ಮತ್ತೂ ಜೋರಾಗಿ ತಲೆಯಲ್ಲಾಡಿಸಿ, ಸೂಜಿಯಂಥ ಪೆನ್ಸಿಲನ್ನು ಹೊರತೆಗೆದು ಅವಳ ಮೂಗಿನ ಅಳತೆ ತೆಗೆಯಲು ಒಂದು ಕಣ್ಣು ಮುಚ್ಚಿದರು.

“ವಾಚ್‌ಮನ್!” ಎಂಬ ಕೂಗಿಗೆ ಮರದ ಹಕ್ಕಿಗಳೆಲ್ಲ ಹಾರಿದವು.

ವಾಚ್‌ಮನ್ ಓಡೋಡಿ ಬಂದ. “ಏನ್ರೀ ಇದು, ತಲೆ ನರೆತಿದೆ, ಹೆಂಗಸರಿಗೆ ಕಣ್ಣು ಹೊಡೀತೀರಾ?”

ಇನ್ನು ಮೌನ ಹಿಡಿದರೆ ಮಾನ ಹೋಗುತ್ತದೆಂದು ಅನೌನ್ಸರರು ಬಾಯಿ ಬಿಟ್ಟರು. “ಸ್ವಾಮಿ, ನಾನೊಬ್ಬ ವಿದ್ಯಾರ್ಥಿ...”

ವಾಚ್‌ಮನ್ ಕೈಯ ಕೋಲು ಕೆಳಗಿಳಿಯಿತು. “ಅಯ್ಯೋ, ಸ್ಟೇಷನ್ ಸಾಹೇಬ್ರು! ಪ್ರತಿ ದಿನ ಬೆಳಿಗ್ಗೆ ನಿಮ್ಮ ದನಿ ಕೇಳಿಯೇ ನಾನು ಗಾಡಿ ಹತ್ತುತ್ತಿದ್ದದ್ದು!” ಎಂದು ತನ್ನ ಹೆಸರು, ಅಪ್ಪನ ಹೆಸರು, ಇಬ್ಬರು ಮಕ್ಕಳ ಹೆಸರು ಹೇಳಿದ. ಹೆಂಗಸಿಗೂ ಧೈರ್ಯ ಬಂದು, “ಮೊದಲೇ ಮಾತಾಡಬಾರದಿತ್ತೇ?” ಎಂದು ನಕ್ಕು ಅವಳೂ ಹೆಸರು ಹೇಳಿಬಿಟ್ಟಳು. ಸಾಲದ್ದಕ್ಕೆ ಸ್ವೆಟರ್ ಯಾರಿಗೆ ಎಂಬುದನ್ನೂ ಹೇಳಿದಳು.

ಸಂಜೆಯಾಯಿತು. ಅನೌನ್ಸರರು ಕಾಸು ಹಾಕಿ ಬಟ್ಟೆ ಒಗೆದುಕೊಳ್ಳುವ ಯಂತ್ರಗಳ ಅಂಗಡಿಯೊಳಗೆ ಹೋಗಿ ಕೂತರು, ಕಾಲು ನೋಯುತ್ತಿತ್ತು ಅಷ್ಟೆ. ಎದುರು ಬೆಂಚಿನಲ್ಲಿ ಒಬ್ಬ ಮುದುಕ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅವನ ಎರಡು ಅಂಗಿ ಗಾಜಿನ ಹಿಂದೆ ಸುತ್ತುತ್ತಿದ್ದವು. ನಿದ್ದೆಯಲ್ಲಿರುವವನನ್ನು ಕೇಳುವುದು ಹೇಗೆ? ಎಬ್ಬಿಸಿದರೆ ಹೆಸರು ಹೇಳುತ್ತಾನೆ. ಅನೌನ್ಸರರು ತಪ್ಪು ಮಾಡುವವರಂತೆ ಮೆಲ್ಲನೆ ಪೆನ್ಸಿಲ್ ತೆಗೆದರು.

ಆಮೇಲೆ ಎಷ್ಟು ಹೊತ್ತಾಯಿತೋ ಅವರಿಗೇ ಗೊತ್ತಿಲ್ಲ. ಕಣ್ಣಿನ ಕೆಳಗಿನ ಚೀಲ, ಒಂದು ಕಡೆ ಜಾರಿದ ತುಟಿ, ಕ್ಷೌರದಲ್ಲಿ ಬಿಟ್ಟುಹೋದ ನಾಲ್ಕು ಬಿಳಿ ಕೂದಲು, ಎಲ್ಲ ತಾವಾಗಿಯೇ ಬಂದು ಕಾಗದದ ಮೇಲೆ ಕೂತವು. ಕಾಲೇಜು ಸೇರಿದಾಗಿನಿಂದ ಅವರ ಕೈಯಿಂದ ಅಂಥದ್ದು ಬಂದಿರಲಿಲ್ಲ. ಕೊನೆಯ ಗೆರೆ ಎಳೆದು ತಲೆಯೆತ್ತಿದರೆ ಮುದುಕ ಕಣ್ಣು ಬಿಟ್ಟು ನೋಡುತ್ತಿದ್ದ. ಯಂತ್ರ ಯಾವಾಗಲೋ ನಿಂತಿತ್ತು.

“ಇದು ನಾನೇನಾ?” ಎಂದ ಮುದುಕ.

ಅನೌನ್ಸರರು ಬಾಯಿ ಬಿಡದೆ ತಲೆದೂಗಿದರು.

“ನನ್ನವಳು ಹೋದ ಮೇಲೆ ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ.” ಮುದುಕ ಕೈ ಚಾಚಿದ. “ಕೊಡ್ತೀರಾ?”

ಅನೌನ್ಸರರು ಕಾಗದ ನೋಡಿದರು. ಫೋಲ್ಡರು, ಸಂದರ್ಶನ, ವಿಶ್ವವಿದ್ಯಾಲಯ ಎಲ್ಲ ಆ ಒಂದು ಹಾಳೆಯಲ್ಲಿ ಕೂತಿದ್ದವು. ಆಮೇಲೆ ಮುದುಕನ ಕೈ ನೋಡಿದರು. ಕೊಟ್ಟರು.

ಮುದುಕ ಅದನ್ನು ಅಕ್ಕರೆಯಿಂದ ನೋಡಿ, ಅಷ್ಟೇ ಅಕ್ಕರೆಯಿಂದ ನಾಲ್ಕು ಮಡಿಕೆ ಮಡಿಸಿ, ಒದ್ದೆ ಅಂಗಿಗಳ ಜತೆ ಚೀಲಕ್ಕೆ ತುರುಕಿಕೊಂಡು ಹೋದ. ಅನೌನ್ಸರರ ಕರುಳೇ ನಾಲ್ಕು ಮಡಿಕೆಯಾಯಿತು. ಬೀದಿದೀಪ ಹತ್ತಿತ್ತು, ಓಡಾಡುವವರು ಕಡಿಮೆಯಾಗಿದ್ದರು. ಖಾಲಿ ಹಾಳೆಯೊಂದಿಗೆ ಮನೆಗೆ ಬಂದು, ಬೀಗ ತೆಗೆದು, ಬ್ರೆಡ್ಡು ತಿಂದು ಮಲಗಿದರು.

ಸೋಮವಾರ ಹೋಗದೆ ಇರೋಣವೆನಿಸಿತು. ಆದರೆ ಕೆಲಸ ತಪ್ಪಿಸಿ ಅಭ್ಯಾಸವಿಲ್ಲ. ಕುಂಯ್ ಎನಿಸಿಕೊಂಡು ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತುಬಿಟ್ಟರು.

ಗೋಡೆಯ ತುಂಬ ಚಿತ್ರಗಳನ್ನು ತೂಗುಹಾಕಿದ್ದರು. ಮೊದಲ ಚಿತ್ರದಲ್ಲಿ ಒಬ್ಬ ಮನುಷ್ಯ ಕ್ಯಾಂಟೀನಿನ ಮೂಲೆಯಲ್ಲಿ ಬುತ್ತಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ. ಎರಡನೆಯದರಲ್ಲಿ ಅವನೇ ಮೆಟ್ಟಿಲ ಮೇಲೆ ಪೆನ್ಸಿಲ್ ಹೆರೆಯುತ್ತಿದ್ದ. ಬಸ್ ನಿಲ್ದಾಣದಲ್ಲಿ ಅವನೇ ತೂಕಡಿಸುತ್ತಿದ್ದ. ಕೊಡೆ ಹಿಡಿದವನು ಅವನು. ಯಾರಾದರೂ ಮಾತಾಡಿಸಿಯಾರೇ ಎಂದು ಅರ್ಧ ನಕ್ಕು ಕೂತವನೂ ಅವನೇ. ತಾವು ಹಾಗೆ ಅರ್ಧ ನಗುತ್ತೇವೆಂದು ಅನೌನ್ಸರರಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮುಖ ಯಾರಿಗೂ ಗೊತ್ತಿಲ್ಲದೆ ಮೂವತ್ತು ವರ್ಷ ಕಳೆದವರ ಮುಖ ಈಗ ಗೋಡೆ ತುಂಬ ಕಣ್ಣು ಬಿಡುತ್ತಿತ್ತು.

ಮೇಡಮ್ಮು ಗೋಡೆಯನ್ನೂ ಇವರನ್ನೂ ಮೂರು ಸಲ ನೋಡಿದರು. “ಏನ್ರೋ ಇದು? ಎಲ್ಲರೂ ಒಬ್ಬರನ್ನೇ ಬರೆದಿದ್ದೀರಿ?”

“ಇನ್ನೇನ್ ಮಾಡೋದು ಮೇಡಮ್?” ಎಂದಳು ಗುಂಗುರು ಕೂದಲಿನ ಹುಡುಗಿ. “ಹೆಸರು ಗೊತ್ತಿಲ್ಲದೋರು ಅಂದ್ರೆ ನಮಗೆಲ್ಲ ಇವರೊಬ್ಬರೇ. ಭಾನುವಾರ ಬೀದಿ ಅಲೆಯೋರು ಯಾರು? ಹಿತ್ತಲ ಗಿಡಾನೇ ಮದ್ದು ಮಾಡ್ಕೊಂಡ್ವಿ. ಶುಕ್ರವಾರ ಮಧ್ಯಾಹ್ನಾನೇ ಮುಗಿದೋಯ್ತು!”

“ನಿಯಮದ ಪ್ರಕಾರ ಸರಿ,” ಎಂದರು ಮೇಡಮ್ಮು. “ಅಲ್ಲ, ಸರಿ ಅಷ್ಟೇ ಅಲ್ಲ, ಚೆನ್ನಾಗಿವೆ! ಒಂದು ಮುಖಾನ ಹೀಗೆ ನೋಡಿದ್ದು ನೀವು ಇದೇ ಮೊದಲು. ಎಲ್ಲವೂ ಫೋಲ್ಡರಿಗೆ.” ಆಮೇಲೆ ಅನೌನ್ಸರರ ಕಡೆ ತಿರುಗಿದರು. “ನಿಮ್ಮದು?”

ಅನೌನ್ಸರರು ಖಾಲಿ ಹಾಳೆ ತೋರಿಸಿದರು.

“ಇಡೀ ಊರಲ್ಲಿ ಒಬ್ಬ ಅಪರಿಚಿತರು ಸಿಗಲಿಲ್ವೇ ನಿಮಗೆ? ಶುಕ್ರವಾರದವರೆಗೆ ಟೈಮ್ ಕೊಡ್ತೀನಿ. ಇದೇ ಕೊನೆ.”

ಮೇಡಮ್ಮು ಹೋದದ್ದೇ ತಡ, ಮಕ್ಕಳೆಲ್ಲ ಇವರನ್ನು ಮುತ್ತಿಕೊಂಡರು. ಒಬ್ಬ ಕುರ್ಚಿ ಎಳೆದುಕೊಟ್ಟ, ಒಬ್ಬಳು ಚಹಾ ತಂದಿಟ್ಟಳು. “ನಿಮ್ಮ ಹುಬ್ಬು ಬರೆಯೋಕೆ ಎಷ್ಟು ಕಷ್ಟ ಗೊತ್ತಾ ಸಾರ್!” “ಕಿವಿ ಅಂದ್ರೆ ಕಿವಿ!” ಅರ್ಧ ವರ್ಷದಲ್ಲಿ ಅವರ ಸುತ್ತ ಅಷ್ಟು ದನಿ ಕೇಳಿದ್ದು ಅದೇ ಮೊದಲು, ಅದೂ ಪ್ರತಿ ದನಿಗೂ ಒಂದೊಂದು ಮುಖವಿತ್ತು. ಅನೌನ್ಸರರ ಎದೆ ತುಂಬಿ ಬಂತು. ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

“ಮಕ್ಕಳೇ, ನನ್ನ ಹೆಸರು...”

“ಅಯ್ಯಯ್ಯೋ, ಬೇಡ ಸಾರ್!” ಎಂದು ಅಷ್ಟೂ ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಒಬ್ಬ ಹುಡುಗ ಓಡಿಹೋಗಿ ಬಾಗಿಲನ್ನೂ ಹಾಕಿದ.

“ಹೇಳಿದ್ರೆ ನಮ್ಮ ಚಿತ್ರಗಳೆಲ್ಲ ಹೋಯ್ತು ಸಾರ್!” ಗುಂಗುರು ಕೂದಲಿನ ಹುಡುಗಿ ಬೇಡಿಕೊಂಡಳು. “ಹೊರಗಿನ ಪರೀಕ್ಷಕರು ಬರೋದು ವರ್ಷದ ಕೊನೇಲಿ. ಬಂದು ‘ಇವರ ಹೆಸರು ಗೊತ್ತಾ’ ಅಂತ ಬರೆದೋರನ್ನ ಕೇಳ್ತಾರಂತೆ. ಅಲ್ಲೀತನಕ ದಯವಿಟ್ಟು ನಮ್ಮ ಜತೆ ಮಾತಾಡಬೇಡಿ. ಪರಿಚಯ ಆಗಿಬಿಡುತ್ತೆ.”

ಅನೌನ್ಸರರು ಕೂತರು. ಸುತ್ತಲಿನವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಸರಿದರು. ಚಹಾ ಬಿಸಿಯಾಗಿತ್ತು, ಅದನ್ನು ಕುಡಿದರು.

“ಸಾರ್,” ಹಿಂದಿನಿಂದ ಒಂದು ದನಿ ಬಂತು, “ಸ್ವಲ್ಪ ಗೋಡೆ ಕಡೆ ತಿರುಗಿ ಕೂತ್ಕೋತೀರಾ? ಯಾವಾಗಲೂ ಕೂರ್ತೀರಲ್ಲ, ಹಾಗೆ. ನಂದು ಇನ್ನೂ ಬೆನ್ನು ಬಾಕಿ ಇದೆ.”

ಅನೌನ್ಸರರು ಕುರ್ಚಿ ತಿರುಗಿಸಿಕೊಂಡು ಕೂತರು.