ಅರ್ಧ ಇಂಚಿನ ರೈಫಲ್ಲು

ಎಲ್ಡನ್ ಟ್ವೇಟ್ ಆ ಶನಿವಾರ ಬೆಳಿಗ್ಗೆ ಡೆಲ್ಮರನ ಅಂಗಡಿಗೆ ಹೋದದ್ದು ಇಲಿಬೋನು ಕೊಳ್ಳುವುದಕ್ಕೆ. ಅಡುಗೆಮನೆಯ ಕಪಾಟಿನಲ್ಲಿ ಇಲಿಯೊಂದು ಸಂಸಾರ ಹೂಡಿತ್ತು. ಅದನ್ನು ಮೊದಲು ಕಂಡವಳು ಹೆಂಡತಿ ಮಾರ್ಲಿಸ್. ಆದ್ದರಿಂದ ಹೊಣೆ ಎಲ್ಡನ್ನನದು. ಬೋನು ಹಿಡಿದುಕೊಂಡು ತೆಪ್ಪಗೆ ವಾಪಸು ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಗಲ್ಲಾದ ಹಿಂದಿನ ಗೋಡೆಯ ಮೇಲೆ, ಹೋದ ವಾರ ಇರದಿದ್ದ ರೈಫಲ್ಲೊಂದು ಅಡ್ಡಡ್ಡ ಮಲಗಿತ್ತು. ಉದ್ದದಲ್ಲಿ ಅದು ಎಲ್ಡನ್ನನಿಗಿಂತ ಕೊಂಚವೇ ಕಡಿಮೆ. ನಳಿಗೆಯ ಬಾಯಿ ಅರ್ಧ ಇಂಚು. ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದ ತೋಟಾಗಳು ಹೋಟೆಲಿನ ಮೇಜಿನ ಮೇಲಿಡುವ ಮೆಣಸಿನಪುಡಿ ಡಬ್ಬಿಗಳಿಗಿಂತ ಎತ್ತರವಾಗಿದ್ದವು.

“ಎಷ್ಟು ಅದು?” ಎಂದು ಎಲ್ಡನ್ ಕೇಳಿದ.

ಕೇಳಿದ್ದು ಅಷ್ಟೇ. ಡೆಲ್ಮರ್ ಬೆಲೆ ಹೇಳಿದ. ಅದು ಎಲ್ಡನ್ನನ ವ್ಯಾನಿನ ಬೆಲೆಗಿಂತ ಹೆಚ್ಚಾಗಿತ್ತು. ವ್ಯಾನಿನೊಳಗಿದ್ದ ಸಾಮಾನನ್ನೆಲ್ಲ ಸೇರಿಸಿದರೂ ಹೆಚ್ಚೇ. ಇದರ ಗುಂಡು ಒಂದು ಮೈಲಿ ಆಚೆಗೂ ಹೇಳಿದ ಮಾತು ಕೇಳುತ್ತದೆ ಎಂದು ಡೆಲ್ಮರ್ ಸೇರಿಸಿದ. ಎಲ್ಡನ್ ತಲೆದೂಗಿ, ಇಲಿಬೋನಿಗೆ ದುಡ್ಡು ಕೊಟ್ಟು ಹೊರಬಂದ. ಅವನು ರಸ್ತೆ ದಾಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ದಾಟಿ, ವಾಂಡಾಳ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿತ್ತು.

ಮೊಂಟಾನಾದ ನಮ್ಮ ಈ ಹ್ಯಾಲೆಟ್ ಕ್ರೀಕಿನಲ್ಲಿ ಮನುಷ್ಯರಿಗಿಂತ ಬಂದೂಕುಗಳೇ ಹೆಚ್ಚು. ಪ್ರತಿ ಬಂದೂಕಿನ ಬಗ್ಗೆಯೂ ಪ್ರತಿ ಮನುಷ್ಯನಿಗೂ ಒಂದು ಅಭಿಪ್ರಾಯವಿದೆ. ಅಂಥ ಊರಿನಲ್ಲಿ ಎಲ್ಡನ್ನನ ಬಗ್ಗೆ ಮಾತ್ರ ಯಾರಿಗೂ ಯಾವ ಅಭಿಪ್ರಾಯವೂ ಇರಲಿಲ್ಲ. ಅವನು ಊರವರ ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಿದ್ದ. ಪ್ರತಿ ಶರತ್ಕಾಲದಲ್ಲೂ ಹಳೇ ಕೋವಿ ಹೆಗಲಿಗೇರಿಸಿ ಕಡವೆ ಬೇಟೆಗೆ ಹೋಗುತ್ತಿದ್ದ, ಖಾಲಿ ಬುತ್ತಿಡಬ್ಬಿಯೊಂದಿಗೆ ಮರಳುತ್ತಿದ್ದ. ಕಡವೆಗಳಿಗೂ ಅವನ ಬಗ್ಗೆ ತಕರಾರಿರಲಿಲ್ಲ.

ಅಂದು ಅವನು ಹೋಟೆಲಿನ ಬಾಗಿಲು ತಳ್ಳಿದಾಗ ಎಲ್ಲ ತಲೆಗಳೂ ತಿರುಗಿದವು. ನಡುಮೇಜಿನಿಂದ ಗಾರ್ತ್ ಪ್ರೂಯಿಟ್ ಕುರ್ಚಿ ಎಳೆದು ಕೂರಿಸಿದ. ಗಾರ್ತ್ ಕಣಿವೆಯಲ್ಲೇ ದೊಡ್ಡ ದನದ ಸಾಹುಕಾರ. ಆರು ನೂರು ದನ ಸಾಕಿದವನಿಗೆ ಎಲ್ಲ ವಿಷಯವೂ ಗೊತ್ತಿರುತ್ತದೆಂದು ಊರು ಒಪ್ಪಿಕೊಂಡಿತ್ತು.

“ಯಾವಾಗ ಮನೆಗೆ ತರ್ತೀಯ?” ಎಂದ ಗಾರ್ತ್.

“ನಾನು ಬರೀ ಬೆಲೆ ಕೇಳಿದ್ದು.”

“ಹೆಣ್ಣು ನೋಡೋಕೆ ಹೋದೋನೂ ಹಾಗೇ ಹೇಳೋದು.”

ಆಮೇಲೆ ಎಲ್ಡನ್ನನಿಗೆ ಮಾತಾಡುವ ಅವಕಾಶ ಸಿಗಲಿಲ್ಲ. ಅದು ಒದ್ದರೆ ಭುಜದ ಮೂಳೆ ಬೆನ್ನಿಗೆ ಬಂದು ಕೂರುತ್ತದೆಂದು ಒಬ್ಬ ಹೇಳಿದ. ಅದರಿಂದ ಕಡವೆಗೆ ಹೊಡೆದರೆ ಅಡುಗೆಗೆ ಕೊಂಬು ಮಾತ್ರ ಉಳಿಯುತ್ತದೆಂದು ಇನ್ನೊಬ್ಬ. ಕ್ಷೌರದಂಗಡಿಯವನು ಬೇಟೆಯ ಮಾತನ್ನೇ ಎತ್ತಲಿಲ್ಲ. ಮುಂದೆ ಕಾಲ ಕೆಡಲಿದೆ, ಆಗ ಇಂಥದ್ದೊಂದು ಮನೆಯಲ್ಲಿ ಇದ್ದವನೇ ಉಳಿಯುತ್ತಾನೆ ಎಂದು ದನಿ ತಗ್ಗಿಸಿ ಹೇಳಿದ. ಯಾರಿಂದ ಉಳಿಯಬೇಕು ಎಂದು ಎಲ್ಡನ್ ಕೇಳಿದ್ದಕ್ಕೆ, ಅದು ಆಗ ಗೊತ್ತಾಗುತ್ತದೆ ಎಂದ. ಅಂದು ಬೆಳಗಿನವರೆಗೆ ಎಲ್ಡನ್ನನಿಗೆ ಇದ್ದ ಶತ್ರು ಒಂದು ಇಲಿ.

ಕೊನೆಗೆ ಲಿಂಡ್‌ಕ್ವಿಸ್ಟ್ ಪಾದ್ರಿಗಳು ತಮ್ಮ ಕಾಫಿ ಕಪ್ಪಿನೊಂದಿಗೆ ಅವನ ಪಕ್ಕಕ್ಕೆ ಬಂದು ಕೂತರು. ಮನುಷ್ಯನಿಗೆ ಒಂದು ಮೈಲಿ ದೂರ ಕೊಲ್ಲುವ ಶಕ್ತಿ ಯಾಕೆ ಬೇಕೆಂಬುದನ್ನು ಅಂತರಂಗದಲ್ಲಿ ಕೇಳಿಕೊಳ್ಳಬೇಕು ಎಂದು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. ಹೋಟೆಲು ಗಂಭೀರವಾಯಿತು. ಎಲ್ಲರೂ ಮತ್ತೆ ತಮ್ಮ ತಟ್ಟೆಗಳತ್ತ ತಿರುಗಿದ ಮೇಲೆ ಪಾದ್ರಿಗಳು ಅವನ ಕಿವಿಗೆ ಬಾಗಿದರು.

“ಹಾಗೇನಾದ್ರೂ ಕೊಂಡ್ರೆ, ನನಗೂ ಒಂದು ಸಲ ಕೊಡಪ್ಪ.”

ಮಧ್ಯಾಹ್ನ ಎಲ್ಡನ್ ಮನೆಗೆ ಬಂದಾಗ ಮಾರ್ಲಿಸ್ ಸೂಪಿನ ಪಾತ್ರೆಯ ಮುಂದೆ ನಿಂತಿದ್ದಳು. ಊರಿನ ಹೆಂಗಸರು ಫೋನಿನಲ್ಲಿ ತಮ್ಮ ಕರ್ತವ್ಯ ಮುಗಿಸಿದ್ದರೆಂದು ಅವಳ ಬೆನ್ನು ನೋಡಿಯೇ ತಿಳಿಯುತ್ತಿತ್ತು. ಮಾರ್ಲಿಸ್ ಹುಟ್ಟಿದ್ದು ಗೋಧಿಯ ಬಯಲಿನಲ್ಲಿ, ಮದುವೆಯಾಗಿ ಬಂದದ್ದು ಈ ಬೆಟ್ಟಗಳ ನಡುವೆ. ಸಮುದ್ರವನ್ನು ಅವಳು ಈವರೆಗೆ ಕಂಡಿರಲಿಲ್ಲ. ತೋರಿಸುತ್ತೇನೆ ಎಂದು ಎಲ್ಡನ್ ಮದುವೆಯ ದಿನ ಹೇಳಿದ್ದ. ಈ ಬೇಸಿಗೆಗೆ ಹೋಗುವುದೆಂದು ಕೊನೆಗೂ ನಿಶ್ಚಯವಾಗಿ, ದುಡ್ಡೂ ಕೂಡಿತ್ತು. ಆರೆಗನ್ ಕರಾವಳಿಯ ನಕ್ಷೆ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು.

“ನಿನಗೆ ಅದು ಬೇಕಾ, ಎಲ್ಡನ್?”

“ನಾನು ಬೆಲೆ ಕೇಳಿದ್ದಷ್ಟೇ ಕಣೇ.”

“ನಾನು ಕೇಳಿದ್ದು ಅದಲ್ಲ.”

ಎಲ್ಡನ್ ಸೂಪು ಕಲಕುತ್ತ ಯೋಚಿಸಿದ. ಬೇಕು ಎಂದು ಒಂದು ಕಡೆ ಅನ್ನಿಸುತ್ತಿತ್ತು, ಅದು ಸುಳ್ಳಲ್ಲ. ಬೆಲೆ ಕೇಳಿದ್ದಕ್ಕೇ ನಡುಮೇಜಿನಲ್ಲಿ ಕುರ್ಚಿ ಸಿಕ್ಕಿತ್ತು. ಕೊಂಡರೆ ಏನೇನು ಸಿಗಬಹುದು. ಆದರೆ ಕೊಂಡು ಹೊಡೆಯುವುದು ಏನನ್ನು? ಅವನ ಮನೆಯಿಂದ ಒಂದು ಮೈಲಿ ಆಚೆ ಇದ್ದದ್ದೆಲ್ಲ ಗಾರ್ತನದು. ಸೂಪು ಮುಗಿಯುವಷ್ಟರಲ್ಲಿ ಅವನು ತೀರ್ಮಾನಕ್ಕೆ ಬಂದ. ಬೇಡ. ಸಮುದ್ರವೇ ಸರಿ. ಮಾರ್ಲಿಸಳಿಗೆ ಹಾಗೆಯೇ ಹೇಳಿದ. ಅವಳು ಅವನಿಗೆ ಇನ್ನೊಂದು ಸೌಟು ಸೂಪು ಬಡಿಸಿದಳು.

ಆಗ ಫೋನು ಬಂತು. ಡೆಲ್ಮರನದು. ಮೂರು ಗಂಟೆಗೆ ಗಾರ್ತನ ಹುಲ್ಲುಗಾವಲಿನಲ್ಲಿ ಪರೀಕ್ಷೆ ಇಟ್ಟಿದ್ದೇವೆ, ಎದುರು ಗುಡ್ಡದಲ್ಲಿ ಸರಿಯಾಗಿ ಒಂದು ಮೈಲಿಗೆ ಉಕ್ಕಿನ ತಟ್ಟೆ ತೂಗುಹಾಕಿಯಾಗಿದೆ, ವಾಂಡಾ ಹಣ್ಣಿನ ಕಡುಬು ಬೇಯಿಸುತ್ತಿದ್ದಾಳೆ, ಪಾದ್ರಿಗಳು ಮಡಚುವ ಕುರ್ಚಿಗಳನ್ನು ಚರ್ಚಿನಿಂದ ಕಳಿಸಿದ್ದಾರೆ ಎಂದ. ಎಲ್ಡನ್ ಬರುತ್ತಾನೋ ಎಂದು ಯಾರೂ ಕೇಳಿರಲಿಲ್ಲ. ಬೇಡ ಎನ್ನುವುದಕ್ಕೆ ಎಲ್ಡನ್ ಬಾಯಿ ತೆರೆದ. ಆದರೆ ಒಬ್ಬರಿಗೆ ಬೇಡ ಎಂದೇ ಅಭ್ಯಾಸವಿಲ್ಲದವನು ಇಡೀ ಊರಿಗೆ ಹೇಗೆ ಹೇಳಿಯಾನು? “ಆಯ್ತು” ಎಂದು ಫೋನು ಇಟ್ಟ.

ಇಟ್ಟ ಮೇಲೆ ಅವನಿಗೆ ಜೀವಮಾನದ ಒಂದೇ ಉಪಾಯ ಹೊಳೆಯಿತು. ಹೋಗುವುದು, ಒಂದೇ ಒಂದು ಗುಂಡು ಹೊಡೆಯುವುದು, ಬೇಕೆಂತಲೇ ಗುರಿ ತಪ್ಪಿಸುವುದು. ಅದೂ ಕೂದಲೆಳೆಯಲ್ಲಿ ಅಲ್ಲ, ನೋಡಿದವರು ನಾಚುವಷ್ಟು ದೂರಕ್ಕೆ. ಊರು ಒಂದಿಷ್ಟು ಹೊತ್ತು ನಗುತ್ತದೆ, ಕಡುಬು ತಿನ್ನುತ್ತದೆ, ಈ ಬಂದೂಕು ಇವನ ಕೈಗಲ್ಲ ಎಂದು ತಾನೇ ತೀರ್ಪು ಕೊಟ್ಟು ಮನೆಗೆ ಹೋಗುತ್ತದೆ.

ಮಾರ್ಲಿಸ್ ಕೇಳಿಸಿಕೊಂಡು ಒಪ್ಪಿದಳು. “ತಪ್ಪಿಸೋದರಲ್ಲಿ ನಿನಗೆ ತೊಂದರೆ ಆಗಲ್ಲ ಬಿಡು” ಎಂದಳು.

ಮೂರು ಗಂಟೆಗೆ ಗಾರ್ತನ ಹುಲ್ಲುಗಾವಲಿನಲ್ಲಿ ಚರ್ಚಿನಲ್ಲಿ ಎಂದೂ ಸೇರದಷ್ಟು ಜನ ಸೇರಿದ್ದರು. ರೈಫಲ್ಲು ನಳಿಗೆಯ ಕೆಳಗಿನ ಎರಡು ಕಾಲುಗಳನ್ನೂರಿ ಕಂಬಳಿಯ ಮೇಲೆ ಕೂತಿತ್ತು. ಡೆಲ್ಮರ್ ದೂರಕ್ಕೆಷ್ಟು ಗಾಳಿಗೆಷ್ಟು ಎಂದು ಅದರ ಮೇಲಿನ ದುರ್ಬೀನಿನ ತಿರುಪುಗಳನ್ನು ತಿರುಗಿಸಿಕೊಟ್ಟ. ಗಾರ್ತ್ ಅದೆಲ್ಲ ತಪ್ಪು ಎಂದು ಮತ್ತೆ ತಿರುಗಿಸಿದ. ಡೆಲ್ಮರ್ ಅವನು ಅತ್ತ ತಿರುಗಿದಾಗ ಮೊದಲಿನಂತೆಯೇ ಮಾಡಿಟ್ಟ. ಎಲ್ಡನ್ ಹೊಟ್ಟೆಯಡಿಯಾಗಿ ಮಲಗಿ ಕಣ್ಣಿಟ್ಟ.

ಎದುರು ಗುಡ್ಡ ಹತ್ತಿರ ಬಂತು. ಕಬ್ಬಿಣದ ಚೌಕಟ್ಟಿನಲ್ಲಿ ಬಿಳಿ ತಟ್ಟೆ ಎಳ್ಳಿನಷ್ಟಾಗಿ ತೂಗುತ್ತಿತ್ತು. ಬಲಕ್ಕೆ ಸಾಕಷ್ಟು ದೂರದಲ್ಲಿ, ಗುಡ್ಡದ ಮಡಿಕೆಗಳಲ್ಲಿ, ಮೇ ತಿಂಗಳಾದರೂ ಕರಗದ ಹಿಮ ಅಲ್ಲೊಂದು ಇಲ್ಲೊಂದು ತೇಪೆಯಾಗಿ ಉಳಿದಿತ್ತು. ಅವುಗಳಲ್ಲಿ ಒಂದು ತೇಪೆ, ಪೊದೆಗಳ ಮೇಲೆ ತಲೆಯೆತ್ತಿದ್ದದ್ದು, ಉಳಿದವಕ್ಕಿಂತ ಅಚ್ಚುಕಟ್ಟಾಗಿತ್ತು. ಎಲ್ಡನ್ ಅದನ್ನೇ ಆರಿಸಿಕೊಂಡ. ಕೈತಪ್ಪಿ ಗುಂಡು ಎಲ್ಲಿ ತಟ್ಟೆಗೆ ಹೋಗಿಬಿಡುತ್ತದೋ ಎಂಬ ಭಯಕ್ಕೆ ಉಸಿರು ಕಟ್ಟಿ, ಮೈಯೆಲ್ಲ ಕಣ್ಣಾಗಿ, ಆ ಹಿಮದ ನಟ್ಟನಡುವಿಗೆ ಗುರಿಯಿಟ್ಟ. ಕಡವೆಗೂ ಅವನು ಅಷ್ಟು ಭಕ್ತಿಯಿಂದ ಗುರಿಯಿಟ್ಟವನಲ್ಲ. ಬೆರಳು ಒತ್ತಿದ.

ಸಿಡಿಲು ಮೇಲಿನಿಂದ ಬೀಳುವುದನ್ನು ಊರು ಕಂಡಿತ್ತು. ಇದು ಪಕ್ಕದಿಂದ ಬಿತ್ತು. ಕಂಬಳಿಯ ಸುತ್ತಲಿನ ಧೂಳೆಲ್ಲ ಎದ್ದು ವಾಂಡಾಳ ಕಡುಬುಗಳ ಮೇಲೆ ಕೂತಿತು. ನಾಯಿಗಳು ಒಟ್ಟಾಗಿ ಊರಿನ ಕಡೆ ಓಡಿದವು. ಪಾದ್ರಿಗಳ ಟೋಪಿ ಮಡಿಲಿಗೆ ಬಿತ್ತು. ದುರ್ಬೀನು ಹಿಂದಕ್ಕೆ ಬಂದು ಎಲ್ಡನ್ನನ ಹುಬ್ಬಿನ ಮೇಲೆ ಅರ್ಧಚಂದ್ರ ಬರೆದಿತ್ತು. ರಕ್ತ ಮೂಗಿನಗುಂಟ ಇಳಿಯುತ್ತಿತ್ತು. ಎಲ್ಲರೂ ಗುಡ್ಡದತ್ತ ಕಿವಿಗೊಟ್ಟರು. ಗುಂಡು ಹೋಗಬೇಕು, ಸದ್ದು ಮರಳಬೇಕು. ಎಲ್ಡನ್ ನಗೆಗಾಗಿ ಕಾಯುತ್ತ ಮಲಗಿದ್ದ.

ಗುಡ್ಡದಿಂದ ‘ಟಣ್’ ಎಂದು ಕೇಳಿಸಿತು.

ಆಮೇಲೆ ಎಲ್ಡನ್ನನ ಕಾಲು ನೆಲಕ್ಕೆ ತಾಗಲಿಲ್ಲ, ಊರವರು ತಾಗಗೊಡಲಿಲ್ಲ. ಹೆಗಲ ಮೇಲೆ ಕೂತ ಅವನಿಗೆ ಏನಾಯಿತೆಂಬುದು ಅರ್ಥವಾಗಿತ್ತು: ತಪ್ಪಿಸುವುದರಲ್ಲೂ ಅವನು ತಪ್ಪಿದ್ದ. ಹಿಮಕ್ಕೆ ಹೊಡೆದ ಗುಂಡು ತಟ್ಟೆಗೆ ಹೋಗಿತ್ತು. ಈ ಮಾತನ್ನು ಹೇಳಲು ಅವನು ಎರಡು ಸಲ ಪ್ರಯತ್ನಿಸಿದ. ಆದರೆ ಕ್ಷೌರದಂಗಡಿಯವನು ಅಳುತ್ತಿದ್ದ. ಗಾರ್ತ್ ಪ್ರೂಯಿಟ್, ಎಲ್ಡನ್ನನನ್ನು ಎಷ್ಟೋ ಸಲ ಎಲ್ಮರ್ ಎಂದು ಕರೆದವನು, ಅವನನ್ನು ತಬ್ಬಿಕೊಂಡು ಈ ಕಣಿವೆಯಲ್ಲಿ ಇಂಥ ಕಣ್ಣು ಹುಟ್ಟಿರಲಿಲ್ಲ ಎಂದ. ಹಾಗೆ ಯಾರಾದರೂ ಹೇಳಿದಾಗ ಅಲ್ಲಗಳೆಯುವುದು ಸಭ್ಯತೆಯಲ್ಲ ಎಂದು ಎಲ್ಡನ್ನನಿಗೆ ತೋರಿತು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಬೇಸಿಗೆಗೂ ಅಲ್ಲೇ ಇರುತ್ತದೆ ಎಂದೂ ತೋರಿತು.

ಮೆರವಣಿಗೆ ನೇರವಾಗಿ ಅಂಗಡಿಗೆ ಹೋಯಿತು. ಕೊಳ್ಳುವವನ ಪೂರ್ವಾಪರ ವಿಚಾರಿಸಲು ಸರ್ಕಾರಕ್ಕೆ ಮಾಡಬೇಕಾದ ಫೋನನ್ನು ಡೆಲ್ಮರ್ ಮಾಡಿದ, ಎಲ್ಡನ್ ಹಾಕಬೇಕಾದಲ್ಲಿ ಸಹಿ ಹಾಕಿದ. ಮಾರಿದ ಬಂದೂಕನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಫಲಕದ ಕೆಳಗೇ ನಿಂತು ಇಬ್ಬರೂ ಕೈ ಕುಲುಕಿದರು. ಗಾರ್ತ್ ಮಾತ್ರ ಜತೆಗೆ ಬಂದಿರಲಿಲ್ಲ. ಗುಂಡಿನ ಗುರುತಿರುವ ತಟ್ಟೆಯನ್ನು ಹೋಟೆಲಿನ ಗೋಡೆಗೆ ತೂಗುಹಾಕಬೇಕೆಂದು ಅದನ್ನು ತರಲು ತನ್ನ ಪಿಕಪ್ಪಿನಲ್ಲಿ ಗುಡ್ಡಕ್ಕೆ ಹೋಗಿದ್ದ.

ಅವನು ಬಂದಾಗ ಹೋಟೆಲಿನಲ್ಲಿ ಎಲ್ಡನ್ ನಡುಮೇಜಿನಲ್ಲಿದ್ದ. ಹುಬ್ಬಿಗೆ ವಾಂಡಾ ಪಟ್ಟಿ ಕಟ್ಟಿದ್ದಳು. ಜೋಡಿಸಿದ ಎರಡು ಮೇಜಿನುದ್ದಕ್ಕೂ ರೈಫಲ್ಲು ಚಾಚಿಕೊಂಡಿತ್ತು. ಗಾಳಿಯನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಎಲ್ಡನ್ ಪಾದ್ರಿಗಳಿಗೆ ವಿವರಿಸುತ್ತಿದ್ದ. ಗಾರ್ತ್ ಮೊಣಕಾಲಿನವರೆಗೆ ಕೆಸರಾಗಿದ್ದ. ತಟ್ಟೆಯನ್ನು ಮೇಜಿನ ಮೇಲಿಟ್ಟ. ಎಲ್ಲರೂ ಬಾಗಿ ನೋಡಿದರು. ಗಾರ್ತ್ ಅದನ್ನು ಮಗುಚಿ ಹಿಂಬದಿಯನ್ನೂ ತೋರಿಸಿದ. ಎರಡು ಬದಿಯಲ್ಲೂ ನೊಣ ಕೂತ ಗುರುತು ಕೂಡ ಇರಲಿಲ್ಲ.

“ಹಾಗಾದ್ರೆ ಆ ಸದ್ದು ಏನದು?” ಎಂದು ಡೆಲ್ಮರ್ ಕೇಳಿದ.

“ನನ್ನ ನೀರಿನ ಟ್ಯಾಂಕು” ಎಂದ ಗಾರ್ತ್. “ದನಗಳದ್ದು. ಬಿಸಿಲಿಗೆ ನೀರು ಕಾಯದೆ ಇರ್ಲಿ ಅಂತ ಹೋದ ವಾರ ಬಿಳೀ ಬಣ್ಣ ಹೊಡೆಸಿದ್ದೆ. ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗಿದೆ. ನಟ್ಟನಡುವೆ. ಅಲ್ಲೀಗ ದನಗಳು ಈಜ್ತಾ ಇವೆ.”

ಮೊದಲು ನಕ್ಕವಳು ವಾಂಡಾ. ಆಮೇಲೆ ಹೋಟೆಲಿನಲ್ಲಿ ನಗದವರು ಇಬ್ಬರೇ. ತಟ್ಟೆಗೂ ಟ್ಯಾಂಕಿಗೂ ನಡುವೆ ಒಂದು ಚರ್ಚು ಕಟ್ಟಿಸಬಹುದು ಎಂದು ಪಾದ್ರಿಗಳು ಅಂದಾಜು ಮಾಡಿದರು. ಬಂದೂಕು ಇರುವುದು ಹೊಡೆಯುವುದಕ್ಕೆ, ಚೆಲ್ಲುವುದಕ್ಕಲ್ಲ ಎಂದು ಕ್ಷೌರದಂಗಡಿಯವನು ಎಲ್ಡನ್ನನ ಭುಜ ತಟ್ಟಿದ. ಹೊಸ ಟ್ಯಾಂಕು ಬರುವವರೆಗೆ ದನಗಳಿಗೆ ನೀರು ಹೊರುವುದು ಎಲ್ಡನ್ನನ ಪಾಲಿಗೆ ಬಂತು.

ಎಲ್ಡನ್ ತಟ್ಟೆಯನ್ನು ಇನ್ನೊಮ್ಮೆ ಮಗುಚಿ ನೋಡಿದ. ಪೊದೆಗಳ ಮೇಲೆ ತಲೆಯೆತ್ತಿದ್ದ ಆ ಅಚ್ಚುಕಟ್ಟಾದ ಹಿಮದ ತೇಪೆ ಅವನ ಕಣ್ಣ ಮುಂದಿತ್ತು. ಒಂದು ಮೈಲಿ ಆಚೆ ಇದ್ದುದಕ್ಕೆ ಅವನು ಗುರಿಯಿಟ್ಟಿದ್ದ. ಅದರ ನಟ್ಟನಡುವಿಗೇ ಹೊಡೆದಿದ್ದ. ಕಣಿವೆಯ ಇತಿಹಾಸದಲ್ಲಿ ಅಂಥ ಹೊಡೆತ ಇರಲಿಲ್ಲ. ಬಾಯಿ ಬಿಟ್ಟು ಹಾಗೆಂದರೆ ಗಾರ್ತನ ಟ್ಯಾಂಕಿಗೆ ಬೇಕೆಂತಲೇ ಹೊಡೆದೆ ಎಂದಾಗುತ್ತಿತ್ತು; ನೀರು ಹೊರುವುದರಲ್ಲಿ ಆ ವಿಷಯ ಮುಗಿಯುತ್ತಿರಲಿಲ್ಲ, ಪೊಲೀಸರು ಬರುತ್ತಿದ್ದರು.

ಮನೆಯಲ್ಲಿ ಮಾರ್ಲಿಸಳಿಗೆ ಎಲ್ಲವನ್ನೂ ಹೇಳಿದ. ಅವಳು ಅವನ ಹುಬ್ಬಿನ ಪಟ್ಟಿಯನ್ನು ಸರಿಪಡಿಸಿದಳು.

“ನಿಜವಾಗ್ಲೂ ಅದಕ್ಕೇ ಗುರಿ ಇಟ್ಟಿದ್ಯಾ?”

“ನಿಜವಾಗ್ಲೂ.”

“ನಡುವಿಗೇ?”

“ನಡುವಿಗೇ.”

“ನಾನು ನಂಬ್ತೀನಿ,” ಎಂದಳು ಮಾರ್ಲಿಸ್. “ಬೇರೆ ಯಾರಿಗೂ ಹೇಳಬೇಡ.” ಆಮೇಲೆ ಎದ್ದು ಹೋಗಿ, ಫ್ರಿಜ್ಜಿನ ಮೇಲಿದ್ದ ನಕ್ಷೆಯನ್ನು ಕಿತ್ತು ಮಡಚಿ, ಡ್ರಾಯರಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಎಲ್ಡನ್ ವ್ಯಾನಿನಲ್ಲಿ ಡ್ರಮ್ಮುಗಳನ್ನು ತುಂಬಿಕೊಂಡು ಗುಡ್ಡ ಹತ್ತಿದ. ಆರು ನೂರು ದನಗಳು ಸಾಲುಗಟ್ಟಿ ಕಾಯುತ್ತಿದ್ದವು. ಅವನು ಬಕೆಟ್ಟಿನಿಂದ ಬಕೆಟ್ಟಿಗೆ ಬಾಗುತ್ತಿದ್ದರೆ ಗಾರ್ತ್ ಪಿಕಪ್ಪಿನ ಬಾನೆಟ್ಟಿಗೆ ಒರಗಿ ಕಾಫಿ ಕುಡಿಯುತ್ತ ನಿಂತಿದ್ದ. ಅವನಿಗೆ ಕೋಪವೇನೂ ಉಳಿದಿರಲಿಲ್ಲ. ಇಂಥ ಸಮಯದಲ್ಲಿ ನೆರೆಯವನಾಗಿ ನಾಲ್ಕು ಮಾತು ಹೇಳಬೇಕೆಂಬ ಕಳಕಳಿ ಇತ್ತು.

“ಬೇಜಾರು ಮಾಡ್ಕೋಬೇಡ ಎಲ್ಮರ್, ಒಂದು ಮಾತು ಹೇಳ್ತೀನಿ,” ಎಂದ ಗಾರ್ತ್. “ಯಾವುದಕ್ಕೆ ಹೊಡೀಬೇಕೋ ಅದನ್ನೇ ನೋಡಬೇಕು. ನೀನು ಎತ್ತಲೋ ನೋಡ್ಕೊಂಡು ಹೊಡೆದೆ.”

“ಹೌದು” ಎಂದು ಎಲ್ಡನ್ ಮುಂದಿನ ಬಕೆಟ್ಟು ಎತ್ತಿಕೊಂಡ.